ಶೇಖಸಾಬ ಆರಿಸಿದ ಗೇರ್‌ಬಾಕ್ಸ್

ಸವಣೂರಿನಲ್ಲಿ ಶೇಖಸಾಬನ ಮನೆ ಯಾವುದು ಎಂದು ಕೇಳಿದರೆ ಯಾವ ಶೇಖಸಾಬ ಎಂದು ತಿರುಗಿ ಕೇಳುತ್ತಾರೆ. ಊರ ತುಂಬ ಆ ಹೆಸರಿನವರು. ಫಾರ್ಗೋ ಶೇಖಸಾಬ ಎಂದರೆ ಮಾತ್ರ ವೀಳ್ಯದೆಲೆ ಮಾರುವ ಮುದುಕಿಯೂ ಕೈ ಎತ್ತಿ ಓಣಿ ತೋರಿಸುತ್ತಾಳೆ. ಫಾರ್ಗೋ ಎಂಬುದು ಮುಂದೆ ಉದ್ದ ಮೂಗಿದ್ದ, ದುಂಡು ದೀಪಗಳ ಒಂದು ಹಳೆಯ ಲಾರಿ. ಅದು ಅವನದಲ್ಲ, ಪ್ರಹ್ಲಾದರಾಯರದು. ಇನ್ನೊಬ್ಬರ ಲಾರಿಯ ಹೆಸರನ್ನು ತನ್ನ ಹೆಸರಿನ ಮುಂದೆ ಹೊತ್ತುಕೊಂಡು ಜನ್ಮ ಕಳೆದವನಿಗೆ ಅದು ಇನ್ನೊಬ್ಬರದು ಎಂಬುದೇ ಮರೆತುಹೋಗಿತ್ತು. ಹಾಗೆ ಮರೆಯಲು ಬಿಟ್ಟವರೂ ಇದ್ದರು, ತಪ್ಪೆಲ್ಲ ಅವನ ತಲೆಗೇ ಕಟ್ಟುವುದು ಬೇಡ.

ಪ್ರಹ್ಲಾದರಾಯರದು ಪಾಠ ಪುರಾಣ ಹೇಳುವ ಮನೆತನ. ಆ ಮನೆಯವರು ಲಾರಿ ಕೊಂಡಾಗ ಬೀಗರೆಲ್ಲ ಮೂಗು ಮುರಿದಿದ್ದರಂತೆ. ರಾಯರು ಕಿವಿಗೆ ಹಾಕಿಕೊಳ್ಳಲಿಲ್ಲ. ಸವಣೂರಿನಿಂದ ಎಲೆ ಬುಟ್ಟಿ, ಹತ್ತಿಮತ್ತೂರಿನಿಂದ ಮೆಣಸಿನಕಾಯಿ, ಹಾನಗಲ್ಲಿನಿಂದ ಭತ್ತ, ಹಿರೇಕೆರೂರಿನಿಂದ ಹತ್ತಿ, ಏನು ಸಿಕ್ಕರೂ ಹೇರಿದರು. ಶೇಖಸಾಬ ಆ ಲಾರಿಗೆ ಕ್ಲೀನರ್ ಆಗಿ ಬಂದಾಗ ಮೀಸೆ ಮೂಡಿರಲಿಲ್ಲ. ಎಡಗಡೆಯ ಸೀಟಿನಲ್ಲಿ ಕುಳಿತು, ಇಕ್ಕಟ್ಟಾದ ಕಡೆ ಇಳಿದು, "ಬರ್ಲಿ, ಬರ್ಲಿ, ರೈಟ್" ಎಂದು ಕೂಗಿ ಲಾರಿಯ ಮೈಗೆ ಬಡಿಯುವುದು ಅವನು ಕಲಿತ ಮೊದಲ ಕೆಲಸ. ಡ್ರೈವರನ ಸೀಟು ಸಿಗಲು ಅವನು ಬಹಳ ವರ್ಷ ಎಡಗಡೆ ಕುಳಿತ. ಸಿಕ್ಕ ಮೇಲೆ ಆ ಸೀಟನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

ಬಿಟ್ಟುಕೊಡುವ ಪ್ರಸಂಗವೇ ಬರದಂತೆ ನೋಡಿಕೊಂಡ ಎನ್ನುವುದು ಸರಿಯಾದ ಮಾತು. ಆ ಲಾರಿಯ ಗೇರು ಈಗಿನವುಗಳ ಹಾಗೆ ಹೇಳಿದ ಮಾತು ಕೇಳುತ್ತಿರಲಿಲ್ಲ. ಒಂದು ಸಲ ಕ್ಲಚ್ ಒತ್ತಿ ಗೇರು ಬಿಡಿಸಬೇಕು, ಕ್ಲಚ್ ಬಿಟ್ಟು ಎಂಜಿನ್ನಿನ ದನಿ ಕೇಳಬೇಕು, ದನಿ ಹದಕ್ಕೆ ಬಂದಾಗ ಮತ್ತೆ ಒತ್ತಿ ಮುಂದಿನ ಗೇರಿಗೆ ಹಾಕಬೇಕು. ಹದ ತಪ್ಪಿದರೆ ಹಲ್ಲು ಹಲ್ಲಿಗೆ ಉಜ್ಜಿ ಇಡೀ ಪೇಟೆ ತಿರುಗಿ ನೋಡುತ್ತಿತ್ತು. ಇದನ್ನು ಕಲಿಯಬಹುದು, ಯಾರಾದರೂ ಕಲಿಸಿದರೆ. ಶೇಖಸಾಬ ಯಾರಿಗೂ ಕಲಿಸಲಿಲ್ಲ. ಕೇಳಿದವರಿಗೆ, "ಅದು ಹೇಳಿ ಬರೂದಲ್ಲ, ಅದಕ್ಕ ಕಿವಿ ಬೇಕು" ಎಂದು ಹಾರಿಸಿಬಿಡುತ್ತಿದ್ದ. ಒಮ್ಮೆ ಅವನಿಗೆ ವಿಷಮಜ್ವರ ಬಂದಾಗ ರಾಯರು ಹಿರೇಕೆರೂರಿನ ಗೋಣೆಪ್ಪನೆಂಬ ಡ್ರೈವರನನ್ನು ಕರೆಸಿದರು. ಅವನು ಹಾನಗಲ್ ದಾರಿಯ ಏರಿನಲ್ಲಿ ಗೇರಿನ ಹಲ್ಲು ಮುರಿದು, ಭತ್ತದ ಚೀಲಗಳ ಸಮೇತ ಲಾರಿಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದ. ಜ್ವರದಲ್ಲಿ ಮಲಗಿದ್ದ ಶೇಖಸಾಬನಿಗೆ ಆ ಸುದ್ದಿ ಔಷಧಕ್ಕಿಂತ ಚೆನ್ನಾಗಿ ಹಿಡಿಯಿತು. ನೋಡಲು ಬಂದ ರಾಯರು ಹೊಸ್ತಿಲಲ್ಲಿ ನಿಂತು, "ಶೇಖಸಾಬ, ಆ ಗಾಡಿ ನಿನ್ನ ಬಿಟ್ಟು ಯಾರ ಮಾತೂ ಕೇಳೂದಿಲ್ಲ. ಅದು ನಿಂದ ಅದ" ಅಂದರು. ರಾಯರು ಹಾಗೆಂದು ಮರೆತರು. ಇವನು ಆ ಮಾತನ್ನು ಎದೆಯಲ್ಲಿ ಇಟ್ಟುಕೊಂಡ.

ರಾಯರು ತೀರಿಕೊಂಡರು. ಸಣ್ಣ ಗಾಡಿಗಳು ಬಂದು ಬಾಡಿಗೆ ಕಿತ್ತುಕೊಂಡವು. ಫಾರ್ಗೋ ರಾಯರ ಮನೆಯ ಹಿಂದಿನ ತಗಡಿನ ಶೆಡ್ಡು ಸೇರಿತು. ಶೇಖಸಾಬ ಅವರಿವರ ಟ್ರ್ಯಾಕ್ಟರ್ ಹೊಡೆದು, ಇಟ್ಟಂಗಿ ಗಾಡಿ ಹೊಡೆದು ಮಗಳು ಸುಮೇರಾಳ ಲಗ್ನ ಮಾಡಿದ. ಆದರೆ ಪ್ರತಿ ಶುಕ್ರವಾರ ನಮಾಜು ಮುಗಿಸಿ ಶೆಡ್ಡಿಗೆ ಹೋಗಿ ಫಾರ್ಗೋ ಚಾಲೂ ಮಾಡಿ, ಬಾನೆಟ್ಟು ಒರೆಸಿ ಬರುವುದನ್ನು ಬಿಡಲಿಲ್ಲ. ರಾಯರ ಹೆಂಡತಿ ತುಳಸಾಬಾಯಿ ಹಿತ್ತಲ ಬಾಗಿಲಿನಿಂದ ಚಹಾ ಕಳಿಸುತ್ತಿದ್ದರು.

ಆಮೇಲೆ ಸಕ್ಕರೆ ಕಾಯಿಲೆ ಬಂತು. ಚಪ್ಪಲಿ ಕಚ್ಚಿ ಆದ ಗಾಯ ಮಾಯಲಿಲ್ಲ, ಕಪ್ಪಾಯಿತು. ಹುಬ್ಬಳ್ಳಿಯಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಹೋಗುವುದಾದರೆ ಬಲಗಾಲು ಹೋಗಬಾರದಿತ್ತೇ ಎಂದು ಅವನು ಆಸ್ಪತ್ರೆಯಲ್ಲಿ ಅತ್ತದ್ದು ಹೆಂಡತಿ ನೂರಜಹಾನಳಿಗೆ ಮಾತ್ರ ಗೊತ್ತು. ಅವಳಿಗೆ ಆ ಲೆಕ್ಕ ಅರ್ಥವಾಗಿರಲಿಲ್ಲ. ಅವನಿಗಂತೂ ಒಂದೇ ಒಂದು ಹೊಳೆದಿತ್ತು: ಕ್ಲಚ್ಚಿನ ಕಾಲು ಹೋಯಿತು. ಪ್ಲಾಸ್ಟಿಕ್ಕಿನ ಕಾಲು ಹಾಕಿಕೊಂಡು ನಡೆಯಲು ಕಲಿತ. ಫಾರ್ಗೋದ ಕ್ಲಚ್ಚಿನ ಮೇಲೆ ಅದನ್ನಿಟ್ಟು ಒತ್ತಿದಾಗ ಪೆಡಲ್ ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ಮುಂದಿನ ಶುಕ್ರವಾರಗಳಲ್ಲಿ ಸುಮ್ಮನೆ ಸ್ಟೇರಿಂಗ್ ಹಿಡಿದು ಕುಳಿತು ಎದ್ದು ಬರತೊಡಗಿದ.

ಹೀಗಿರುವಾಗ ರಾಯರ ಮಗ ರಘುವೀರ ಬಂದ. ಹುಬ್ಬಳ್ಳಿಯಲ್ಲಿ ಒಳ್ಳೆಯ ವಕೀಲ, ಮಾತು ಮೃದು. ಹಳೆಯ ಗಾಡಿಗಳನ್ನು ಹೊಸದಾಗಿ ಮಾಡಿ ಮೆರವಣಿಗೆ ತೆಗೆಯುವ ಶ್ರೀಮಂತರ ಸಹವಾಸವಾಗಿತ್ತು. ಫಾರ್ಗೋಗೆ ಹಾಕಲೆಂದು ಪುಣೆಯ ಗೆಳೆಯನೊಬ್ಬನಿಂದ ಅಮೆರಿಕದ ಎಂಟು ಸಿಲಿಂಡರಿನ ಎಂಜಿನ್ ತರಿಸಿದ್ದ. ಮುನ್ನೂರಕ್ಕೂ ಮೇಲಿನ ಹಾರ್ಸ್‌ಪವರ್. ಫಾರ್ಗೋ ಹುಟ್ಟಿದಾಗ ಅದಕ್ಕೆ ನೂರು ಇತ್ತೋ ಇಲ್ಲವೋ. ಶೇಖಸಾಬನ ಅಳಿಯ ರಮೀಜ ಶಿಗ್ಗಾವಿಯ ಬೈಪಾಸಿನಲ್ಲಿ ಗ್ಯಾರೇಜು ಇಟ್ಟಿದ್ದ. ಶಾರ್ಜಾದಲ್ಲಿ ದೊಡ್ಡ ಗಾಡಿಗಳ ಗೇರ್‌ಬಾಕ್ಸ್ ಬಿಚ್ಚಿ ಪಳಗಿದ ಕೈ. ಎಂಜಿನ್ ಕೂರಿಸಿದ್ದು ಅವನೇ. ಕೂರಿಸಿ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಹೊಸ ಎಂಜಿನ್ನಿನ ತಾಕತ್ತಿಗೆ ಹಳೆಯ ಗೇರ್‌ಬಾಕ್ಸು ಕಡಲೆಯ ಹಾಗೆ ಪುಡಿಯಾಯಿತು.

"ಇನ್ನ ಏನು ಹಾಕಬೇಕು ನೀವ ಹೇಳ್ರಿ ಚಾಚಾ," ಎಂದ ರಘುವೀರ, ಗ್ಯಾರೇಜಿನಲ್ಲಿ ನಿಂತು. "ರಮೀಜ ಐದು ಗೇರಿನ ಭಾರೀ ಮ್ಯಾನುವಲ್ ಒಂದು ಅದ ಅಂತಾನ. ನನಗೂ ಅದ ಸರಿ ಅನಸ್ತದ. ಆದ್ರ ಈ ಗಾಡಿ ನಿಮಗ ಗೊತ್ತಿದ್ದಂಗ ಯಾರಿಗೆ ಗೊತ್ತದ? ಅಪ್ಪಾ ಹೇಳತಿದ್ರು, ಗಾಡಿ ನಿಮ್ದ ಅಂತ."

ಅಷ್ಟು ವರ್ಷ ಶೇಖಸಾಬ ಎದೆಯಲ್ಲಿಟ್ಟುಕೊಂಡ ಮಾತನ್ನು ಮಗ ಬಂದು ತಾನಾಗಿ ಆಡಿದ್ದ. ಮ್ಯಾನುವಲ್ ಎಂದರೆ ಕ್ಲಚ್ಚು. ಕ್ಲಚ್ಚು ಎಂದರೆ ಅವನ ಬದುಕು ಆ ಶೆಡ್ಡಿನಲ್ಲೇ ಮುಗಿದಂತೆ. ಕ್ಲಚ್ಚಿಲ್ಲದ ಗಾಡಿಗಳೂ ಇವೆ ಎಂದು ಅಳಿಯನ ಬಾಯಲ್ಲಿ ಕೇಳಿದ್ದ.

"ಆಟೋಮ್ಯಾಟಿಕ್ ಹಾಕ್ರಿ ರಾಯರ," ಎಂದುಬಿಟ್ಟ.

ರಮೀಜ ಮಾವನ ಮುಖ ನೋಡಿದ. ಆಟೋಮ್ಯಾಟಿಕ್ ಗಾಡಿ ಎಂದರೆ ಸ್ಕೂಟಿ ಹೊಡೆಯುವವರ ಆಟ ಎಂದು ಬಯ್ಯುತ್ತಿದ್ದ ಮನುಷ್ಯ ಇವನೇ. ಆದರೂ ಗ್ಯಾರೇಜಿನ ಹಿಂಬದಿಗೆ ಕರೆದುಕೊಂಡು ಹೋಗಿ, ಮುಂಬೈಯ ಗುಜರಿಯಿಂದ ತಂದಿಟ್ಟ ಗೇರ್‌ಪೆಟ್ಟಿಗೆಗಳನ್ನು ತೋರಿಸಿದ.

"ಇದು ನೋಡ್ರಿ ಮಾಮಾ, ಮೂರು ಗೇರಿಂದು. ಕಲ್ಲು ಇದ್ದಂಗ ಐತಿ, ಎಂಥಾ ಎಂಜಿನ್ ಹಚ್ಚಿದ್ರೂ ಮುರಿಯೂದಿಲ್ಲ. ಆದ್ರ ಓವರ್‌ಡ್ರೈವ್ ಇಲ್ಲ."

"ಹಂಗಾರ ಬ್ಯಾಡ. ಫಾರ್ಗೋದ ಹಿಂದಿನ ಹೌಸಿಂಗ್ ಲೋಡಿಗೆ ಮಾಡಿದ್ದು. ಹೈವೇದಾಗ ಅರವತ್ತಕ್ಕ ಬರೂದರಾಗ ಎಂಜಿನ್ ಒದರಾಕ ಹತ್ತತೈತಿ."

ಅದು ಸುಳ್ಳಲ್ಲ. ಭಾರ ಎಳೆಯಲೆಂದು ಮಾಡಿದ ಹಿಂದಿನ ಅಚ್ಚು, ಚಕ್ರ ಒಂದು ಸುತ್ತು ತಿರುಗಲು ಶಾಫ್ಟನ್ನು ಆರೇಳು ಸುತ್ತು ತಿರುಗಿಸುತ್ತಿತ್ತು. ಓವರ್‌ಡ್ರೈವ್ ಎಂದರೆ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ ಶಾಫ್ಟನ್ನು ಅದಕ್ಕಿಂತ ಜೋರಾಗಿ ತಿರುಗಿಸುವ ಕೊನೆಯ ಗೇರು. ಅದಿದ್ದರೆ ಅಂಥ ಲಾರಿಯೂ ದೊಡ್ಡ ರಸ್ತೆಯಲ್ಲಿ ಉಸಿರು ಬಿಟ್ಟು ಓಡುತ್ತದೆ. ಇನ್ನೊಂದು ಪೆಟ್ಟಿಗೆಗೆ ಆರು ಗೇರು ಇದ್ದವು, ಆದರೆ ಅದಕ್ಕೆ ಕಂಪ್ಯೂಟರ್ ಬೇಕು, ವೈರಿನ ಜಾಲ ಬೇಕು. ಅದು ಕೆಟ್ಟರೆ ಹಾವೇರಿ ಜಿಲ್ಲೆಯಲ್ಲಿ ಮುಟ್ಟುವವರಿಲ್ಲ ಎಂದು ರಮೀಜನೇ ಒಪ್ಪಿಕೊಂಡ. ಉಳಿದದ್ದು ನಾಲ್ಕು ಗೇರಿನದು. ಕೊನೆಯದು ಓವರ್‌ಡ್ರೈವ್, ಗೇರು ಯಾವಾಗ ಬೀಳಬೇಕೆಂದು ಎಕ್ಸಲೇಟರಿನಿಂದ ಬಂದ ಒಂದು ತಂತಿ ಹೇಳುತ್ತದೆ, ಕಂಪ್ಯೂಟರಿನ ಹಂಗಿಲ್ಲ.

"ಇದರ ಒಳಗ ಗೇರು ಹಿಡಿಯೂ ಪ್ಲೇಟು ಕಡಿಮಿ ಅದಾವು ಮಾಮಾ. ಇಷ್ಟು ತಾಕತ್ತಿನ ಎಂಜಿನ್ ಹಚ್ಚಿದ್ರ ಸುಟ್ಟು ಹೋಗತಾವು."

"ಪ್ಲೇಟು ಹೆಚ್ಚು ಹಾಕು. ಎಣ್ಣಿ ತಣ್ಣಗ ಮಾಡಾಕ ರೇಡಿಯೇಟರ್ ಮುಂದ ದೊಡ್ಡ ಕೂಲರ್ ಕುಂದರಸು. ತಂತಿ ಮಾತ್ರ ಸಡಲ ಬಿಡಬ್ಯಾಡ. ನೀನ ಹೇಳಿದ್ದಿ, ತಂತಿ ಸಡಲ ಆದ್ರ ಒಳಗ ಎಣ್ಣಿ ಜೋರು ಕಡಿಮಿ ಆಗಿ ಪ್ಲೇಟು ಸುಡತಾವು ಅಂತ."

ಮುಂದೆ ಬಂದು ರಘುವೀರನಿಗೆ ಎಲ್ಲ ಕಾರಣಗಳನ್ನೂ ಹೇಳಿದ. ಏರಿನ ಕಾರಣ, ಹೈವೇಯ ಕಾರಣ, ಎಣ್ಣೆಯ ಕಾರಣ, ತಂತಿಯ ಕಾರಣ. ನನ್ನ ಕಾಲಿಗಾಗಿ ಎಂಬ ಒಂದು ಕಾರಣವನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ. ರಘುವೀರ ತಲೆಯಾಡಿಸಿ ಒಪ್ಪಿದ.

ನೂರಜಹಾನ ಮೂರ್ಖಳಲ್ಲ. ರೊಟ್ಟಿ ಬಡಿಯುತ್ತಲೇ ಗಂಡನ ಮಾತೆಲ್ಲ ಕೇಳಿ, "ನಾ ಓಡಸ್ತೇನಿ ಅಂತ ಬಾಯಿ ಬಿಟ್ಟು ಹೇಳೀರೇನು ಅವರಿಗೆ?" ಅಂದಳು.

"ಅದನ್ನೇನು ಹೇಳೂದು? ನನ್ನ ಬಿಟ್ಟು ಆ ಗಾಡಿ ಯಾರು ಓಡಸ್ಯಾರ?"

"ಅವರೇನಾರ ನೀವ ಓಡಸ್ರಿ ಅಂದಾರೇನು?"

"ಗಾಡಿ ನಿಮ್ದ ಅಂದಾರ. ಇನ್ನೇನು ಅನ್ನಬೇಕು?"

"ಹೇಳಿಬಿಡ್ರಿ. ಬಾಯಿ ಸವೆಯೂದಿಲ್ಲ."

ಅವನು ಸಿಟ್ಟಿಗೆದ್ದು ಊಟ ಬಿಟ್ಟು ಎದ್ದ. ಪ್ರಹ್ಲಾದರಾಯರ ಕಾಲದಲ್ಲಿ ಡ್ರೈವರನಾದವನು ಸೀಟು ಬೇಡುತ್ತಿರಲಿಲ್ಲ. ಬೇಡಿದರೆ ತನಗದು ಇಲ್ಲ ಎಂದು ಒಪ್ಪಿಕೊಂಡಂತೆ. ಈ ಮನುಷ್ಯನ ಮಾನದ ಲೆಕ್ಕ ಅಂಥದು. ಬಾಯಿ ಬಿಟ್ಟಿದ್ದರೆ ಅಂದೇ ಇಲ್ಲ ಅನ್ನಿಸಿಕೊಳ್ಳುತ್ತಿದ್ದ, ಇಷ್ಟು ದೂರ ಬಂದು ಬೀಳುತ್ತಿರಲಿಲ್ಲ.

ಗೇರ್‌ಬಾಕ್ಸ್ ಕೂತಿತು. ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಿದರು, ಅಡ್ಡಪಟ್ಟಿ ಬದಲಿಸಿದರು. ಲಾರಿಗೆ ಹಸಿರು ಬಣ್ಣ ಬಂತು. ಕ್ಲಚ್ಚಿನ ಪೆಡಲನ್ನು ಕಿತ್ತು ಗ್ಯಾರೇಜಿನ ಮೂಲೆಗೆ ಎಸೆದಾಗ ಶೇಖಸಾಬನಿಗೆ ನೋಯುವ ಹಲ್ಲು ಬಿದ್ದಷ್ಟು ಸುಖವಾಯಿತು. ಒಂದು ಮುಂಜಾನೆ ರಮೀಜ ಕೀಲಿ ಅವನ ಕೈಗಿಟ್ಟು, "ನೀವ ಹೊಡೀರಿ ಮಾಮಾ, ನಾ ಬಾಜೂಕ ಕುಂಡರ್ತೇನಿ" ಅಂದ.

ಬಲಗಾಲೊಂದೇ ಸಾಕಾಯಿತು. ಬ್ರೇಕು ಬಿಟ್ಟರೆ ಲಾರಿ ತಾನಾಗಿ ತೆವಳಿತು. ಎಕ್ಸಲೇಟರ್ ಒತ್ತಿದಂತೆ ಒಂದು, ಎರಡು, ಮೂರು ಎಂದು ಗೇರು ಬೀಳುವುದು ಅವನ ಬೆನ್ನಿಗೆ ಗೊತ್ತಾಗುತ್ತಿತ್ತು. ಪ್ಲಾಸ್ಟಿಕ್ಕಿನ ಕಾಲು ಕೆಲಸವಿಲ್ಲದೆ ಬದಿಗೆ ಬಿದ್ದಿತ್ತು. ದೊಡ್ಡ ರಸ್ತೆಗೆ ಹತ್ತಿ ಗೊಟಗೋಡಿಯ ಹತ್ತಿರ ಬಂದಾಗ ಓವರ್‌ಡ್ರೈವ್ ಬಿತ್ತು. ಎಂಜಿನ್ನಿನ ಗದ್ದಲ ಇಳಿದು ಗಾಳಿಯ ಸದ್ದಷ್ಟೇ ಉಳಿಯಿತು. ಶೇಖಸಾಬನ ಕಣ್ಣಲ್ಲಿ ನೀರು ಬಂತು. ತನ್ನ ಜನ್ಮದಲ್ಲಿ ಅಷ್ಟು ಸಂತೋಷ ಅವನಿಗೆ ಬೇರೆ ಯಾವುದಕ್ಕೂ ಆಗಿರಲಿಲ್ಲ, ಮಗಳು ಹುಟ್ಟಿದಾಗಲೂ ಇಲ್ಲ. ಅದನ್ನು ನೂರಜಹಾನಳ ಎದುರು ಮಾತ್ರ ಹೇಳಲಾರ.

ಗಾಡಿ ಬದಿಗೆ ನಿಲ್ಲಿಸಿ ರಘುವೀರನಿಗೆ ಫೋನು ಹಚ್ಚಿದ. ಆ ಖುಷಿಯಲ್ಲಿ, ಇಡೀ ಆಯುಷ್ಯದಲ್ಲಿ ಯಾರಿಗೂ ಬಿಟ್ಟುಕೊಡದ ಮಾತನ್ನು ಬಿಟ್ಟುಕೊಟ್ಟ.

"ರಾಯರ, ಬೆಣ್ಣಿ ಆಗೇತ್ರಿ ಗಾಡಿ! ಕ್ಲಚ್ಚಿಲ್ಲ, ಗದ್ದಲಿಲ್ಲ. ಯಾರು ಬೇಕಾದ್ರೂ ಓಡಸಬಹುದ್ರಿ!"

"ಹೌದೇನ್ರಿ ಚಾಚಾ?" ಆ ಕಡೆಯ ದನಿಯೂ ಹಿಗ್ಗಿತ್ತು. "ಭಾಳ ಛಲೋ ಆತು. ಐತವಾರ ಹುಬ್ಬಳ್ಳಿಯೊಳಗ ಹಳೇ ಗಾಡಿಗಳ ಮೆರವಣಿಗಿ ಅದ. ಸವಣೂರಿನ ಮನಿ ಮುಂದ ಪೂಜಾ ಮಾಡಿ ಹೊರಡೂದು. ನೀವು ಬರಲಿಕ್ಕೇ ಬೇಕು."

ಬರಲಿಕ್ಕೇ ಬೇಕು ಎಂದರೆ ಏನರ್ಥ? ಶೇಖಸಾಬ ತನಗೆ ಬೇಕಾದ ಅರ್ಥ ಹಚ್ಚಿಕೊಂಡ.

ನೂರಜಹಾನ ಟ್ರಂಕಿನ ತಳದಿಂದ ಖಾಕಿ ಅಂಗಿ ತೆಗೆದು, ಒಗೆದು, ಇಸ್ತ್ರಿ ಮಾಡಿಸಿದಳು. ಅದು ಅವನ ಮೈಗೆ ಈಗ ಸಡಿಲವಾಗಿತ್ತು. ಐತವಾರ ಬೆಳಿಗ್ಗೆ ಅವನು ಓಣಿಯಲ್ಲಿ ಹೊರಟಾಗ ನಾಲ್ಕು ಮಂದಿ, "ಏನ್ ಶೇಖಸಾಬ, ಮತ್ತ ಲೈನಿಗೆ ಹೊಂಟಿ?" ಎಂದು ಕೇಳಿದರು. ಕೇಳದವರಿಗೂ ಇವನೇ ನಿಂತು ಹೇಳಿದ.

ರಾಯರ ಮನೆಯ ಅಂಗಳದಲ್ಲಿ ಫಾರ್ಗೋ ಬೀದಿಯ ಕಡೆ ಮುಖ ಮಾಡಿ ನಿಂತಿತ್ತು. ಮೂಗಿಗೆ ಚೆಂಡುಹೂವಿನ ಮಾಲೆ. ತುಳಸಾಬಾಯಿ ಬೆನ್ನು ಬಾಗಿದ್ದರೂ ತಾವೇ ಬಂದು ಆರತಿ ಮಾಡಿದರು, ರಘುವೀರ ತೆಂಗಿನಕಾಯಿ ಒಡೆದ. ಇನ್ನು ನಿಂಬೆಹಣ್ಣು. ಹೊಸದಾಗಿ ಹೊರಡುವ ಗಾಡಿಯ ಗಾಲಿಗಳ ಕೆಳಗೆ ನಿಂಬೆಹಣ್ಣು ಇಡುವುದು, ಅದರ ಮೇಲೆ ಹಾಯಿಸಿಕೊಂಡು ಹೋಗುವುದು ಎಲ್ಲ ಕಡೆಯೂ ಇದೆ. ಆ ಮನೆಯಲ್ಲಿ ಮಾತ್ರ ರಾಯರ ಕಾಲದಿಂದ ಒಂದು ರೂಢಿ: ಗಾಡಿ ಹೊಡೆಯುವವನೇ ತನ್ನ ಕೈಯಿಂದ ಹಣ್ಣು ಇಡಬೇಕು. ಇಟ್ಟವನೇ ಹತ್ತಿ ಕೂರಬೇಕು. ತುಳಸಾಬಾಯಿಯವರಿಗೆ ಅದು ನೆನಪಿತ್ತು. ತಟ್ಟೆಯನ್ನು ಶೇಖಸಾಬನ ಕಡೆಗೆ ಚಾಚಿ, "ಇಡಪಾ ಶೇಖಸಾಬ, ನಿನ್ನ ಕೈಲೇ ಆಗಲಿ" ಅಂದರು.

ಪ್ಲಾಸ್ಟಿಕ್ಕಿನ ಕಾಲು ಹೊತ್ತವನಿಗೆ ಬಗ್ಗುವುದು ಸಣ್ಣ ಕೆಲಸವಲ್ಲ. ಬಾನೆಟ್ಟು ಹಿಡಿದು ಬಗ್ಗಿ ಮುಂದಿನ ಗಾಲಿಗೆ ಇಟ್ಟ. ಲಾರಿಯ ಮೈ ಸವರುತ್ತ ಹಿಂದಕ್ಕೆ ಹೋಗಿ ಇಟ್ಟ. ಸುತ್ತು ಹಾಕಿ ಬಂದು ಉಳಿದ ಗಾಲಿಗಳಿಗೂ ಇಟ್ಟ. ನಡುವೆ ಒಮ್ಮೆ ಯಾರೋ, ನಾವು ಇಡ್ತೇವಿ ಬಿಡ್ರಿ ಎಂದರೆ ಕಣ್ಣು ಕೆಂಪು ಮಾಡಿದ. ಬೆವರು ಒರೆಸಿಕೊಂಡು, ಅಂಗಿ ಸರಿಮಾಡಿಕೊಂಡು, ಡ್ರೈವರನ ಬಾಗಿಲಿಗೆ ಬಂದು ಹಿಡಿಕೆಗೆ ಕೈ ಹಾಕಿದ.

ಒಳಗೆ ರಘುವೀರನ ಮಗಳು ಮೃಣಾಲಿನಿ ಸ್ಟೇರಿಂಗ್ ಹಿಡಿದು ಕುಳಿತಿದ್ದಳು. ಕಾಲೇಜು ಓದುವ, ಹಸನ್ಮುಖದ ಹುಡುಗಿ. "ಅಜ್ಜಾ, ನಮಸ್ಕಾರ! ಅಪ್ಪಾ ಹೇಳಿದ್ರು, ಇದು ನಮ್ಮ ಕಾರಿಗಿಂತಾ ಹಗರ ಅದ ಅಂತ" ಅಂದಳು. ಆ ಮಗುವಿನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ರಘುವೀರ ಅವಸರದಿಂದ ಬಂದು ಮುದುಕನ ಹೆಗಲ ಮೇಲೆ ಕೈಯಿಟ್ಟ. "ಚಾಚಾ, ನಿಮಗ ಆ ಕಡೆ ಜಾಗಾ ಮಾಡೇನಿ, ಕಿಟಕಿ ಹತ್ತಿರ. ಆರಾಮ ಕೂಡ್ರಿ. ನಿಮ್ಮ ಲೈಸನ್ಸು ಮುಗದದ, ಕಾಲಿಂದೂ ಹಿಂಗದ. ನಾ ವಕೀಲ ಇದ್ದು ನಿಮ್ಮನ್ನ ಹೆಂಗ ಕೂಡಸ್ಲಿ ಹೇಳ್ರಿ? ನಾಳೆ ಏನರೆ ಆದ್ರ ಮೊದಲು ನೀವ ಒಳಗ ಹೋಗ್ತೀರಿ. ಮತ್ತ ನೀವ ಹೇಳಿದ್ರೆಲ್ಲ, ಯಾರು ಬೇಕಾದ್ರೂ ಓಡಸಬಹುದು ಅಂತ."

ಮಾತು ಒಂದೂ ತಪ್ಪಿರಲಿಲ್ಲ. ಕಷ್ಟವಾದದ್ದು ಅದೇ. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಈ ಲೈಸನ್ಸು, ಈ ಕಾಲು, ಗೇರ್‌ಬಾಕ್ಸ್ ಆರಿಸು ಎಂದ ದಿನವೂ ಇದ್ದವಲ್ಲ, ಆಗ ಯಾಕೆ ಹೇಳಲಿಲ್ಲ ಎಂದು ಕೇಳಬಹುದಿತ್ತು. ಆದರೆ ನಾನು ಓಡಿಸುತ್ತೇನೆ ಎಂದು ಅವನೂ ಬಾಯಿ ಬಿಟ್ಟಿರಲಿಲ್ಲ. ರಘುವೀರನಿಗೆ ಅಂಥ ಆಸೆ ಇದೆಯೆಂಬ ಅನುಮಾನವೂ ಬಂದಿರಲಿಲ್ಲ. ಶೇಖಸಾಬ ಎಡಗಡೆಯ ಕಿಟಕಿ ನೋಡಿದ. ಮೀಸೆ ಮೂಡುವ ಮೊದಲು ಅವನು ಕುಳಿತಿದ್ದ ಕ್ಲೀನರನ ಸೀಟು ಅದು.

"ನೀವು ನಡೀರಿ ರಾಯರ. ಹತ್ತಾಕ ನನಗ ತ್ರಾಸ ಆಗತೈತಿ," ಎಂದ. ದನಿ ಹೇಗೋ ನೆಟ್ಟಗಿತ್ತು.

ಒತ್ತಾಯ ಮಾಡಿದರು, ಒಂದೆರಡು ಸಲ. ಫೋಟೋ ತೆಗೆದರು. ಎಂಜಿನ್ ಚಾಲೂ ಆಯಿತು, ನಿಂಬೆಹಣ್ಣುಗಳು ಪಚಕ್ಕೆಂದು ಒಡೆದವು. ಅಂಗಳದ ಗೇಟು ಇಕ್ಕಟ್ಟು. ಅಲ್ಲಿಗೆ ಬಂದು ಹುಡುಗಿ ಅಂಜಿ ಬ್ರೇಕು ಒತ್ತಿ ತಲೆ ಹೊರಗೆ ಹಾಕಿದಳು.

"ಅಜ್ಜಾ, ಸ್ವಲ್ಪ ನೋಡ್ರಿ, ಆ ಕಡೆ ತಾಕ್ತದೇನು?"

ಎಲ್ಲರೂ ಅವನ ಕಡೆ ನೋಡಿದರು. ಖಾಕಿ ಅಂಗಿಯವನು ಅವನೊಬ್ಬನೇ ಇದ್ದ. ಕುಂಟುತ್ತ ಹೋಗಿ ಗೇಟಿನ ಕಂಬಕ್ಕೆ ಬೆನ್ನು ಹಚ್ಚಿ ನಿಂತ. ತಾಕಲಿ, ಹೊಸ ಬಣ್ಣ ಉದ್ದಕ್ಕೂ ಕಿತ್ತು ಬರಲಿ ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ. ಬಾಯಿ ಮಾತ್ರ ತಾನು ಮೊದಲು ಕಲಿತ ಕೆಲಸವನ್ನು ಮರೆತಿರಲಿಲ್ಲ.

"ಬರ್ಲಿ... ಬರ್ಲಿ... ಬರ್ಲಿ. ರೈಟ್!"

ಲಾರಿಯ ಮೈಗೆ ಕೈ ಬಡಿದ. ಅದು ಕೂದಲೆಳೆಯಷ್ಟೂ ತಾಕದೆ ಹೊರಗೆ ಬಿತ್ತು. ಊರು ದಾಟುವವರೆಗೆ ಸದ್ದು ಕೇಳುತ್ತಿತ್ತು. ಮೊದಲು ಒಂದು, ಎರಡು, ಮೂರು. ಆಮೇಲೆ ಎಂಜಿನ್ನಿನ ಗದ್ದಲ ತಟ್ಟನೆ ಇಳಿಯಿತು. ಓವರ್‌ಡ್ರೈವ್ ಬಿತ್ತು ಎಂದು ಅವನಿಗೆ ತಿಳಿಯಿತು. ತುಳಸಾಬಾಯಿ ಚಹಾ ಕುಡಿದು ಹೋಗು ಅಂದರು. ಕುಡಿದ. ಬಿಟ್ಟು ಬರುವಷ್ಟು ಸಿಟ್ಟಿಗೂ ಅವನಲ್ಲಿ ಶಕ್ತಿ ಉಳಿದಿರಲಿಲ್ಲ.

ಮನೆಗೆ ಬಂದಾಗ ನೂರಜಹಾನ ಬಾಗಿಲಲ್ಲೇ ಇದ್ದಳು. ಹುಬ್ಬಳ್ಳಿಗೆ ಹೋದವನು ಇಷ್ಟು ಬೇಗ ಬಂದದ್ದು ನೋಡಿ ಅವಳಿಗೆ ಅರ್ಧ ತಿಳಿದಿತ್ತು. ಆದರೂ ಕೇಳಿದಳು.

"ಗಾಡಿ ಹೆಂಗ ಓಡ್ತು?"

ಅವನು ಕಟ್ಟೆಯ ಮೇಲೆ ಕುಳಿತು ಪ್ಲಾಸ್ಟಿಕ್ಕಿನ ಕಾಲು ಬಿಚ್ಚಿ ಪಕ್ಕಕ್ಕಿಟ್ಟ.

"ಬೆಣ್ಣಿ ಹಂಗ," ಅಂದ. "ಯಾರು ಬೇಕಾದ್ರೂ ಓಡಸಬಹುದು."

ಅವಳು ಅಂಗಿ ಬಿಚ್ಚಿಸಿಕೊಂಡು ನೋಡಿದಳು. ಅದು ಮಾಸಿರಲಿಲ್ಲ. ಒಗೆಯುವ ಬಟ್ಟೆಗೆ ಹಾಕದೆ, ಹಾಗೇ ಮಡಚಿ ಟ್ರಂಕಿನ ತಳಕ್ಕೆ ಇಟ್ಟಳು.